ಸುಣ್ಣದ ತಿಳಿ

ವಾಡಿ ಊರಿನ ಯಾವ ಓಣಿಯಲ್ಲೇ ಆಗಲಿ, ಡಾಲ್ಡಾ ಡಬ್ಬಿಯೊಂದರಲ್ಲಿ ಪುದೀನಾ ಸೊಂಪಾಗಿ ನಿಂತಿದ್ದರೆ ಅದರ ಬೇರು ತುಳಜಾಬಾಯಿಯ ಮನೆಯಿಂದ ಬಂದದ್ದೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ರೈಲ್ವೆ ಕ್ವಾರ್ಟರ್ಸಿಗೆ ಹೊಸದಾಗಿ ಬಂದ ಸೊಸೆಯರು, ಫರ್ಸಿ ಕಲ್ಲಿನ ಹಾಸಿಗೆ ಪಾಲಿಶ್ ಮಾಡುವವರ ಹೆಂಡಂದಿರು, ಸಾಲಿ ಮಾಸ್ತರರ ಮನೆಯವರು, ಎಲ್ಲರೂ ಅವಳ ಬಾಗಿಲಿಗೆ ಬಂದು "ಬಾಯಿ, ಒಂದು ಕಡ್ಡಿ ಕೊಡ್ರಿ" ಅನ್ನುತ್ತಾರೆ. ಅವಳು ಯಾರಿಗೂ ಇಲ್ಲ ಅಂದವಳಲ್ಲ. ಆದರೆ ಕಡ್ಡಿಯ ಜೊತೆಗೆ ಬೈಗುಳದಂಥ ಉಪದೇಶವನ್ನೂ ಕಟ್ಟಿ ಕಳಿಸುತ್ತಾಳೆ.

"ಮೊದಲ ಒಂದೇ ಒಯ್ಯಿ. ಆಸಿಬುರುಕಿ ಆಗಬ್ಯಾಡ. ಒಂದು ಬದುಕಿಸಿ ತೋರಿಸು, ಆಮ್ಯಾಲ ಇನ್ನೊಂದು. ಡಬ್ಬಿ ತಳಕ್ಕ ಮೊಳಿ ಹೊಡದು ತೂತ ಮಾಡು. ನೀರು ಹಾಕೂಕಿಂತ ಮೊದಲ ಬೆರಳು ಮಣ್ಣಾಗ ಇಳಿಸಿ ನೋಡು. ಒಳಗ ತಂಪಿದ್ರ ಸುಮ್ಮ ಎದ್ದು ಹೋಗು. ಕೂಸಿಗೆ ಹಸಿವಿಲ್ಲದಾಗ ಹಾಲು ಕುಡಿಸ್ತೀಯೇನು?"

ಕೇಳಿದವರು ನಗುತ್ತ ಹೋಗುತ್ತಾರೆ. ತಿಂಗಳು ಕಳೆದ ಮೇಲೆ ಯಾರಾದರೊಬ್ಬರು ಒಣಗಿದ ಡಬ್ಬಿ ಹಿಡಿದುಕೊಂಡು ಬಂದೇ ಬರುತ್ತಾರೆ. ಗಿಡ ಸತ್ತದ್ದಕ್ಕೆ ತುಳಜಾಬಾಯಿ ಸಿಟ್ಟಾಗುವುದಿಲ್ಲ. ಗಿಡ ಸಾಯುತ್ತವೆ, ಇನ್ನೊಂದು ಹಚ್ಚಿದರಾಯಿತು. ಆದರೆ ಬಂದವಳು ಮುಖ ಸಣ್ಣ ಮಾಡಿಕೊಂಡು "ನನ್ನ ಕೈಗುಣಾನೇ ಸರಿ ಇಲ್ರೀ ಬಾಯಿ" ಅಂದಳೋ, ಮುಗಿಯಿತು ಕಥೆ.

"ಏನಾಗ್ಯಾದ ನಿನ್ನ ಕೈಗೆ? ಕೈ ಮ್ಯಾಲ ಹಾಕಬ್ಯಾಡ ಅದನ್ನ! ಯಾವ ನೀರು ಹಾಕಿದಿ, ಅದನ್ನ ಹೇಳು ಮೊದಲ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿಬಿಡುತ್ತಾಳೆ. ಒಂದು ಪುದೀನಾ ಕಡ್ಡಿಗೆ ಇಷ್ಟು ರಂಪವೇ ಎಂದು ಬಂದವಳಿಗೆ ಗಾಬರಿ. ಕೂಗಿದ ಮೇಲೆ ತುಳಜಾಬಾಯಿಯ ಕಣ್ಣಲ್ಲಿ ನೀರು ಬಂದಿರುತ್ತದೆ, ಅದನ್ನು ನೋಡಿ ಇನ್ನೂ ಗಾಬರಿ. ಈ ಸಿಟ್ಟು ಅವಳಿಗೆ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕಾದರೆ ಅವಳ ಅತ್ತೆ ಪೀರಮ್ಮನಿಂದಲೇ ಶುರು ಮಾಡಬೇಕು.

ಇನ್ನೂ ಮೈಸೂರು ರಾಜ್ಯ ಅನ್ನುತ್ತಿದ್ದ ಕಾಲ ಅದು. ತುಳಜಾಬಾಯಿ ಸೇಡಂ ತಾಲೂಕಿನ ಆಡಕಿಯ ಹುಡುಗಿ. ಸುಣ್ಣದ ಭಟ್ಟಿಯಲ್ಲಿ ಕೆಲಸ ಮಾಡುವ ಭೀಮಶ್ಯಾನ ಹೆಂಡತಿಯಾಗಿ ವಾಡಿಗೆ ಬಂದಳು. ಕರಿಮಣ್ಣಿನ ಹೊಲದ ಮಗ್ಗುಲಲ್ಲಿ ಬೆಳೆದವಳಿಗೆ ಈ ಊರು ವಿಚಿತ್ರವಾಗಿ ಕಂಡಿತು. ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲಿನ ಮಾಳಿಗೆಯೂ ಕಲ್ಲು. ಒಣಹಾಕಿದ ಸೀರೆ ತೆಗೆದು ಝಾಡಿಸಿದರೆ ಬಿಳಿ ಧೂಳು. ಬ್ಯಾಸಿಗೆಯಲ್ಲಿ ಆ ಮನೆ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು.

ಆದರೆ ಪೀರಮ್ಮನ ಪಡಸಾಲೆಯೊಂದು ಮಾತ್ರ ತಂಪು. ಬಿಸಿಲು ನೇರ ಬೀಳದ ಗೋಡೆಗುಂಟ, ಕಲ್ಲಿನ ಕಟ್ಟೆಯ ಮೇಲೆ ಡಬ್ಬಿಗಳ ಸಾಲು: ಪುದೀನಾ, ದೊಡ್ಡಪತ್ರೆ, ಲೋಳಸರ, ಎರಡು ಡಬ್ಬಿ ತುಂಬ ಮರುಗ. ಒಳಗಿನ ಗೂಡಿನಲ್ಲಿ ಔಷಧದ ಬಾಟಲಿಯೊಂದರಲ್ಲಿ, ಬರೀ ನೀರಿನಲ್ಲಿ ನಿಂತ ಮನಿಪ್ಲಾಂಟು. ಅದನ್ನು ಗಾರ್ಡ್ ಸಾಹೇಬರ ಮನೆಯವರು ಕೊಟ್ಟಿದ್ದರು. ದಿನಾ ಬೆಳಿಗ್ಗೆ ಪೀರಮ್ಮ ತನ್ನ ಮುಖ ತೊಳೆದ ಮೇಲೆ ಒದ್ದೆ ಅರಿವೆಯಿಂದ ಒಂದೊಂದು ಎಲೆಯ ಧೂಳನ್ನೂ ಒರೆಸುತ್ತಿದ್ದಳು. "ಧೂಳ ಕುಂತ್ರ ಅವು ಉಸಿರಾಡೂದು ಹ್ಯಾಂಗ? ಈ ಕಲ್ಲಿನ ಮನಿಯಾಗ ನಮ್ಮ ಜೊತಿ ಉಸಿರಾಡೂವು ಇವಷ್ಟೇ ಅವ" ಅನ್ನುವಳು.

ಆ ಗಿಡಗಳು ಸುಮ್ಮನೆ ಚೆಂದಕ್ಕಿದ್ದವಲ್ಲ. ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆಯ ರಸ. ಭಟ್ಟಿಯಲ್ಲಿ ಸುಟ್ಟುಕೊಂಡು ಬಂದ ಭೀಮಶ್ಯಾನ ಕೈಗೆ ಲೋಳಸರ. ಬಸುರಿಯರ ವಾಂತಿಗೆ ಪುದೀನಾ. ಇನ್ನು ಮರುಗವೆಂದರೆ ಅದು ಪೀರಮ್ಮನ ಮಾತೇ ಸರಿ. ಅವಳು ಸೂಲಗಿತ್ತಿ. ವಾಡಿ, ರಾವೂರುಗಳ ಅರ್ಧ ಮಕ್ಕಳು ಅವಳ ಕೈಯಲ್ಲೇ ಕಣ್ಣು ಬಿಟ್ಟವರು. ಯಾವಳಾದರೂ ಬಸುರಿ ಬಂದು ಹೆರಿಗೆ ಮಾಡಿಸಲು ಕೇಳಿದರೆ ಪೀರಮ್ಮ ಬಾಯಿಂದ ಹೂಂ ಅನ್ನುತ್ತಿರಲಿಲ್ಲ. ಮರುಗದ ಒಂದು ಕುಡಿ ಚಿವುಟಿ ಅವಳ ಕೈಗಿಡುತ್ತಿದ್ದಳು. ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಬೇಕು. ಹೆರಿಗೆಯ ಬ್ಯಾನಿ ಶುರುವಾದಾಗ ಮನೆಯವರು ಆ ಒಣಗಿದ ಕುಡಿಯನ್ನೇ ತಂದು ತೋರಿಸಬೇಕು. ತೋರಿಸಿದರೆ ಸಾಕು, ಪೀರಮ್ಮ ಉಣ್ಣುವ ತಾಟು ಬಿಟ್ಟು ಎದ್ದು ಹೋಗುವಳು.

ಕೇಳಲು ಬಂದ ಹೆಂಗಸರು ಮೊದಲು ಕಟ್ಟೆಯ ಮೇಲಿನ ಹಸಿರು ನೋಡುತ್ತಿದ್ದರು. "ಏನ್ ಕೈಗುಣಾರೀ ನಿಮ್ಮದು!" ಅನ್ನುತ್ತಿದ್ದರು. ಪೀರಮ್ಮ ಒಣ ವಿನಯ ತೋರಿಸುತ್ತಿರಲಿಲ್ಲ. ಎರಡೂ ಅಂಗೈ ತೆರೆದು ಒಮ್ಮೆ ನೋಡಿಕೊಂಡು "ಹೌದು, ದೇವರು ಕೊಟ್ಟಾನ" ಅನ್ನುತ್ತಿದ್ದಳು. ಆ ಹೆಮ್ಮೆ ಅವಳಿಗೆ ಒಪ್ಪುತ್ತಿತ್ತು.

ಹೊಸ ಸೊಸೆಗೆ ಇದೆಲ್ಲ ಕಲಿಯುವ ಹುಮ್ಮಸ್ಸು. ಹುಮ್ಮಸ್ಸು ಜಾಸ್ತಿಯಾಗಿ ಒಂದು ಪುದೀನಾ ಡಬ್ಬಿಗೆ ಹೊತ್ತುಹೊತ್ತಿಗೆ ನೀರು ಸುರಿದು ಕೊಳೆಸಿಯೇಬಿಟ್ಟಳು. ಪೀರಮ್ಮ ಅವಳ ತೋರುಬೆರಳನ್ನು ಹಿಡಿದು ಇನ್ನೊಂದು ಡಬ್ಬಿಯ ಮಣ್ಣಿನಲ್ಲಿ ಅದ್ದಿಸಿದಳು. "ಗೊತ್ತಾತೇನು? ಇದಕ್ಕ ತಂಪು ಅಂತಾರ. ಪ್ರೀತಿ ಮಾಡಾಕ ಹೋಗಿ ಕೊಲ್ಲಬ್ಯಾಡ ಅವನ್ನ." ಬಯ್ಯುತ್ತಾಳೋ ಎಂದು ಅಂಜಿದ್ದ ತುಳಜಾ ಅತ್ತೆ ನಕ್ಕದ್ದು ನೋಡಿ ತಾನೂ ನಕ್ಕಳು. ಇನ್ನೊಂದು ಮಾತನ್ನೂ ಪೀರಮ್ಮ ಆವತ್ತೇ ಹೇಳಿದ್ದಳು: "ನಮ್ಮೂರಾಗ ನೀರಿಗೆ ಬರ ಅದ. ಅಕ್ಕಿ ತೊಳದ ನೀರು, ಬ್ಯಾಳಿ ತೊಳದ ನೀರು, ತಿಳಿ ಇರೋ ನೀರು ಯಾವುದೇ ಇರಲಿ, ಚೆಲ್ಲಬ್ಯಾಡ. ಗಿಡಕ್ಕ ಹಾಕು." ಆ ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಳು.

ಮುಂದಿನ ಯುಗಾದಿಗೆ ಮನೆಗೆ ಸುಣ್ಣ ಬಳಿಯಬೇಕಾಯಿತು. ಭೀಮಶ್ಯಾ ಭಟ್ಟಿಯಿಂದ ಸುಟ್ಟ ಕಲ್ಲು ತಂದು ದೊಡ್ಡ ಹರವಿಯಲ್ಲಿ ಹಾಕಿ ನೀರು ಹೊಯ್ದ. ಅದು ಕೊತಕೊತ ಕುದ್ದು ಬೆಣ್ಣೆಯಂಥ ಸುಣ್ಣವಾಯಿತು. ತುಳಜಾ ಬಾಯಿ ಬಿಟ್ಟುಕೊಂಡು ನೋಡಿದಳು. ಆಡಕಿಯಲ್ಲಿ ಅವರ ಮನೆ ಮಣ್ಣಿನದು. ಅಲ್ಲಿ ಸುಣ್ಣವೆಂದರೆ ಅಜ್ಜಿಯ ಎಲಿಅಡಿಕಿ ಡಬ್ಬಿಯಲ್ಲಿ ಉಗುರಿಗೆ ಹತ್ತುವಷ್ಟು ಮಾತ್ರ. ಗೋಡೆಗೆ ಒಂದು ಕೈ ಸುಣ್ಣ ಬಳಿದಾದ ಮೇಲೆ, ರಾವೂರಿನಿಂದ ಪೀರಮ್ಮನಿಗೆ ಒಣ ಮರುಗದ ಕುಡಿ ಬಂತು. ಆ ಹೆಂಗಸಿನದು ಕಷ್ಟದ ಹೆರಿಗೆ, ನಾಲ್ಕು ದಿನ ಅಲ್ಲೇ ಇರಬೇಕಾಗಬಹುದು ಅಂದರು. ಪೀರಮ್ಮ ಹೊರಡುವಾಗ "ಗಿಡ ನಿನ್ನ ಮ್ಯಾಲ ಬಿಟ್ಟೀನಿ ನೋಡವ್ವ" ಅಂದಳು. ಮೊದಲ ಸಲ ಹಾಗೆ ಅಂದದ್ದು. ತುಳಜಾ ಉಬ್ಬಿಹೋದಳು.

ಮಾರನೆಯ ದಿನವೇ ನಳದ ನೀರು ಬರಲಿಲ್ಲ. ಬಾವಿಯ ತಳ ಕಂಡಿತ್ತು. ಕುಡಿಯುವ ನೀರಿಗೇ ಕೊಡ ಹಿಡಿದು ಪಾಳಿ ನಿಂತ ಮೇಲೆ ಗಿಡಕ್ಕೆ ಎಲ್ಲಿಂದ ತರಬೇಕು? ಮಣ್ಣಿನಲ್ಲಿ ಬೆರಳು ಇಳಿಸಿ ನೋಡಿದಳು, ಒಣಗಿತ್ತು. ಆಗ ಮೂಲೆಯಲ್ಲಿದ್ದ ಹರವಿ ಕಣ್ಣಿಗೆ ಬಿತ್ತು. ಸುಣ್ಣವೆಲ್ಲ ತಳಕ್ಕೆ ಕೂತಿತ್ತು. ಮೇಲೆ ನೀರು, ಎಂಥ ನೀರು! ಅಷ್ಟು ತಿಳಿಯಾದ ನೀರನ್ನು ಅವಳು ವಾಡಿಗೆ ಬಂದ ಮೇಲೆ ನೋಡಿಯೇ ಇರಲಿಲ್ಲ. ಮೇಲೊಂದು ತೆಳ್ಳಗಿನ ಪೊರೆ ಕಟ್ಟಿತ್ತು, ಅದನ್ನು ಬೆರಳಿಂದ ಸರಿಸಿ ತಂಬಿಗೆಯಲ್ಲಿ ಮೊಗೆದುಕೊಂಡಳು. ಬೆರಳು ಜಾರುತ್ತಿತ್ತು. ಸುಣ್ಣದ ತಂಪು ಅಂದುಕೊಂಡಳು. ತಿಳಿ ಇರುವ ನೀರು ಚೆಲ್ಲಬಾರದು ಎಂದು ಅತ್ತೆಯೇ ಹೇಳಿದ್ದಾಳಲ್ಲ! ಪೀರಮ್ಮ ಬರುವ ತನಕ ದಿನಾ ಬೆರಳಿನ ಪರೀಕ್ಷೆ ಮಾಡಿ, ಎಷ್ಟು ಬೇಕೋ ಅಷ್ಟೇ ಅಳತೆಯಲ್ಲಿ, ಆ ನೀರನ್ನೇ ಎಲ್ಲ ಡಬ್ಬಿಗಳಿಗೂ ಹಾಕಿದಳು. ಬಾಟಲಿಯ ಮನಿಪ್ಲಾಂಟಿಗೆ ನೀರು ತುಂಬಿಯೇ ಇತ್ತು, ಅದರ ಗೊಡವೆಗೆ ಹೋಗಲಿಲ್ಲ.

ಪೀರಮ್ಮ ತಿರುಗಿ ಬಂದಾಗ ಅವಳ ಮುಖದಲ್ಲಿ ಕಳೆಯೇ ಇರಲಿಲ್ಲ. ಚಪ್ಪಲಿ ಬಿಟ್ಟು ಕಟ್ಟೆಯ ಹತ್ತಿರ ಕೂತು, "ಕೂಸು ಸತ್ತು ಹುಟ್ಟಿತವ್ವ" ಅಂದಳು. ಹಾಗೆ ಅನ್ನುತ್ತ, ರೂಢಿಯಂತೆ ಒಂದೊಂದೇ ಗಿಡವನ್ನು ಸವರಿದಳು. ಎಲೆಗಳು ಆಗಲೇ ಸ್ವಲ್ಪ ಬಾಡಿದ್ದವು. ಪ್ರಯಾಣದ ದಣಿವಿನಲ್ಲಿ ಅವಳು ಅದನ್ನು ಗಮನಿಸಲಿಲ್ಲ. ತುಳಜಾ ಗಮನಿಸಿದ್ದಳು, ಬಿಸಿಲಿಗೆ ಇರಬೇಕು ಅಂದುಕೊಂಡಿದ್ದಳು.

ಮುಂದೆ ಎಲ್ಲ ಬಲುಬೇಗ ಆಯಿತು. ಮರುಗದ ಎಲೆಯ ಅಂಚು ಕಂದಾಯಿತು. ಪುದೀನಾ ಹಳದಿಯಾಗಿ ಒರಗಿತು. ದೊಡ್ಡಪತ್ರೆಯ ದಪ್ಪ ಎಲೆಗಳು ಉದುರಿದವು, ಕಡೆಗೆ ಲೋಳಸರವೂ ಬುಡದಲ್ಲಿ ಮೆತ್ತಗಾಯಿತು. ಪೀರಮ್ಮ ಮಣ್ಣಿನಲ್ಲಿ ಬೆರಳು ಇಳಿಸಿ ನೋಡಿದಳು. ತಂಪು ಸರಿಯಾಗಿತ್ತು. ಡಬ್ಬಿ ಎತ್ತಿ ತೂತು ನೋಡಿದಳು. ತೂತು ಸರಿಯಾಗಿತ್ತು. ಎಲೆ ತಿರುವಿ ನೋಡಿದಳು. ಹುಳ ಇರಲಿಲ್ಲ. ಸೊಸೆ ಎಲ್ಲವನ್ನೂ ತಾನು ಕಲಿಸಿದಂತೆಯೇ ಮಾಡಿದ್ದಾಳೆ. ಹಾಗಾದರೆ ಏನು ಉಳಿಯಿತು? ಪೀರಮ್ಮ ತನ್ನ ಎರಡೂ ಅಂಗೈ ತೆರೆದು ನೋಡಿಕೊಂಡಳು.

"ಆ ಮನಿಯಾಗ ಕೂಸು ಹೋತು. ಅದೇ ಕೈಲೆ ಬಂದು ಇವನ್ನ ಮುಟ್ಟಿದೆ. ನನ್ನ ಕೈಗುಣ ಹೋತು ತುಳಜಾ" ಅಂದಳು. ಅಳಲಿಲ್ಲ. ಡಬ್ಬಿಗಳನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿ ಬಂದು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು.

ಆ ವಾರದಲ್ಲೇ ಒಂದು ದಿನ ಭೀಮಶ್ಯಾ ಉಣ್ಣಲು ಕೂತು ಭಟ್ಟಿಯ ಸುದ್ದಿ ಹೇಳುತ್ತಿದ್ದ. ಹೊಸಬನೊಬ್ಬ ಸುಣ್ಣದ ಹೊಂಡದ ನೀರನ್ನು ಬೇವಿನ ಸಸಿಗೆ ಹಾಕಲು ಹೋಗಿ ಮುಕಾದಮನ ಕೈಲಿ ಬೈಸಿಕೊಂಡನಂತೆ. "ನೋಡಾಕ ಎಳನೀರಿನಂಗ ತಿಳಿ ಇರ್ತದ ಅದು. ಆದ್ರ ಬೇರು ಸುಟ್ಟು ಬೂದಿ ಮಾಡ್ತದ. ಸುಣ್ಣದ ತಿಳಿ ಬಿದ್ದ ಜಾಗಾದಾಗ ಹುಲ್ಲು ಸೈತ ಹುಟ್ಟಂಗಿಲ್ಲ" ಎಂದು ನಕ್ಕ. ರೊಟ್ಟಿ ಹಾಕಲು ಬಗ್ಗಿದ್ದ ತುಳಜಾಳ ಕೈ ಅಲ್ಲೇ ನಿಂತಿತು.

ಪಡಸಾಲೆಯಲ್ಲಿ ಪೀರಮ್ಮ ಕೂತಿದ್ದಳು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಅಲ್ಲ, ಅವಳೇನು ಕೆಟ್ಟವಳೇ? ಕೆಟ್ಟವಳಲ್ಲ, ಅಂಜುಬುರುಕಿ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅತ್ತೆ ಮನೆ ಬಿಟ್ಟುಕೊಟ್ಟಿದ್ದಾಳೆ, ಸೊಸೆ ಎಲ್ಲ ಸರಿಯಾಗಿ ಮಾಡಿದ್ದಾಳೆ ಎಂದು ಓಣಿಯಲ್ಲೂ ಹೇಳಿದ್ದಾಳೆ. ಆ ಒಳ್ಳೆಯ ಹೆಸರು ಕೈಬಿಡಲು ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಬಂತು, ಹೋಯಿತು. ಅಂಜಿಕೆ ಇವಳದು, ಅದರ ದಂಡ ತೆತ್ತವಳು ಆ ಮುದುಕಿ, ಎಂಥ ಅನ್ಯಾಯ ನೋಡಿ!

ಮರುಗದ ಕುಡಿ ಕೇಳಿಕೊಂಡು ಬಂದ ಬಸುರಿಯರನ್ನು ಪೀರಮ್ಮ ಬಾಗಿಲಿನಿಂದಲೇ ಕಳಿಸತೊಡಗಿದಳು. ಆದರೆ ಒಂದು ಕುಡಿ ಮೊದಲೇ ಕೊಟ್ಟದ್ದಿತ್ತು. ಎದುರು ಮನೆಯ ಮಾಸುಮಬಿಗೆ. ಅವಳ ಗಂಡ ಜಿಲಾನಿ ಫರ್ಸಿ ಪಾಲಿಶ್ ಕೆಲಸದವನು. ಒಂದು ಮಧ್ಯಾಹ್ನ ಅವನು ಮೈತುಂಬ ಕಲ್ಲಿನ ಹಿಟ್ಟು ಮೆತ್ತಿಕೊಂಡೇ ಓಡಿಬಂದ. ಕೈಯಲ್ಲಿ ಒಣಗಿದ ಮರುಗ.

"ಪೀರಮ್ಮಕಾಕಿ, ಜಲ್ದಿ ಬರ್ರಿ, ಬ್ಯಾನಿ ಭಾಳ ಆಗ್ಯಾದ!"

ಪೀರಮ್ಮ ಎದ್ದು ನಿಂತಳು. ರೂಢಿಯ ಕಾಲು, ಎರಡು ಹೆಜ್ಜೆ ಇಟ್ಟೂಬಿಟ್ಟಿತು. ಆಮೇಲೆ ಬಾಗಿಲ ಕಂಬ ಹಿಡಿದು ನಿಂತುಬಿಟ್ಟಳು. "ಒಲ್ಲೆಪ್ಪ. ನನ್ನ ಕೈ ಛಲೋ ಇಲ್ಲ. ನಿನ್ನ ಹೇಣತಿ ನನ್ನ ಮಗಳಿದ್ದಂಗ, ಅಕಿನ್ನ ನಾ ಮುಟ್ಟಾಕಿ ಅಲ್ಲ. ಶಹಾಬಾದಿನ ದವಾಖಾನಿಗೆ ಒಯ್ಯಿ."

ಎದುರು ಮನೆಯಿಂದ ಮಾಸುಮಬಿಯ ಕೂಗು ಕೇಳುತ್ತಿತ್ತು. ಆ ಕೂಗಿಗೆ ತುಳಜಾಳ ಎದೆಯೊಳಗಿನ ಬೀಗ ಕಳಚಿತು. ಅತ್ತೆಯ ಕಾಲ ಬಳಿ ಕುಸಿದು, "ಅತ್ತೀ, ನಿಮ್ಮ ಕೈಗೇನೂ ಆಗಿಲ್ರಿ! ನಾನೇ ಹರವಿಯಾಗಿನ ಸುಣ್ಣದ ನೀರು ಹಾಕಿ ಗಿಡ ಕೊಂದೀನ್ರಿ. ಖರೇ ಹೇಳಾಕತ್ತೀನಿ. ಹೋಗ್ರಿ ಅತ್ತೀ, ಹೋಗ್ರಿ!" ಅಂದಳು.

ಪೀರಮ್ಮ ಅವಳನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಮೆತ್ತಗಾಯಿತು. ಸೊಸೆಯ ತಲೆ ಸವರಲು ಕೈ ಚಾಚಿದವಳು ತಟ್ಟನೆ ಕೈ ಹಿಂದೆ ಎಳೆದುಕೊಂಡಳು. "ಎಷ್ಟು ಛಲೋ ಮನಸ್ಸವ್ವ ನಿಂದು. ನನ್ನ ಸಮಾಧಾನಕ್ಕ ತಪ್ಪು ನಿನ್ನ ಮ್ಯಾಲ ಹಾಕ್ಕೊಳಾಕತ್ತೀಯಲ್ಲ! ಅಷ್ಟು ತಿಳಿ ನೀರು ಎಲ್ಯಾರ ಗಿಡ ಕೊಲ್ತದೇನು? ಖರೇ ಇದ್ದಿದ್ರ ಆವತ್ತೇ ಹೇಳ್ತಿದ್ದಿ. ನೀ ಖರೇ ಮುಚ್ಚಿಡೋ ಹುಡುಗಿ ಅಲ್ಲ, ನನಗ ಗೊತ್ತಿಲ್ಲೇನು?"

ಹೊಡೆದಿದ್ದರೆ ತುಳಜಾ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮಾಸುಮಬಿಯನ್ನು ಫರ್ಸಿ ತುಂಬಿದ ಲಾರಿಯೊಂದರಲ್ಲಿ ಮುಂದೆ ಕೂಡಿಸಿಕೊಂಡು ಶಹಾಬಾದಿಗೆ ಒಯ್ದರು. ಆ ರಸ್ತೆ, ಆ ಕುಲುಕಾಟ! ಪುಣ್ಯಕ್ಕೆ ತಾಯಿಯೂ ಮಗುವೂ ಬದುಕಿ ಬಂದರು. ಆದರೆ ಮಾಸುಮಬಿ ಎಷ್ಟೋ ವರ್ಷ ಪೀರಮ್ಮನ ಜೊತೆ ಮಾತಾಡಲಿಲ್ಲ. ಒಂದು ಓಣಿ ದಾಟಿ ಬರಲಿಲ್ಲವಲ್ಲ ಈ ಕಾಕಿ ಅನ್ನುವ ನೋವು ಅವಳದು. ಅದೂ ತನ್ನದೇ ಲೆಕ್ಕಕ್ಕೆ ಬಂತು ಎಂದು ತುಳಜಾ ಬಾಗಿಲ ಸಂದಿಯಿಂದ ನೋಡುತ್ತ ಸಣ್ಣಗಾದಳು.

ಆಮೇಲೆ ಅವಳಿಗೆ ಗಿಡದ ಹುಚ್ಚು ಹಿಡಿಯಿತು. ಹುಚ್ಚೇ ಅನ್ನಬೇಕು. ಉಳಿದಿದ್ದ ಮನಿಪ್ಲಾಂಟನ್ನು ತುಂಡು ಮಾಡಿ, ಗೆಣ್ಣು ನೀರಿನಲ್ಲಿ ಮುಳುಗುವಂತೆ ಬಾಟಲಿಗಳಲ್ಲಿ ನಿಲ್ಲಿಸಿದಳು. ಬೇರು ಬಿಟ್ಟವು. ರಾವೂರಿನಲ್ಲಿ ಪೀರಮ್ಮ ಹಿಂದೆ ಯಾರಿಗೋ ಕೊಟ್ಟಿದ್ದ ಮರುಗದ ಸಂತಾನ ಉಳಿದಿತ್ತು. ಹೋಗಿ ಕಡ್ಡಿ ತಂದಳು. ಕೊಟ್ಟಿಗೆಯ ಹಳೆಯ ಗೊಬ್ಬರ, ಸ್ವಲ್ಪ ಮರಳು, ಆಡಕಿಯಿಂದ ತವರಿನವರು ತಂದ ಕರಿಮಣ್ಣು ಕಲಸಿ ಡಬ್ಬಿ ತುಂಬಿದಳು. ಬೆಳಗಿನ ಎಳೆ ಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ ಅನ್ನುವುದನ್ನು ಗಿಡ ಸುಟ್ಟುಕೊಂಡೇ ಕಲಿತಳು. ಕೊಳೆತರೆ ನೀರು ಜಾಸ್ತಿ, ಎಲೆ ಉದ್ದಕ್ಕೆ ಜೋತು ಬಿದ್ದರೆ ಬೆಳಕು ಕಡಿಮೆ ಎಂದು ಕಲಿತಳು. ನೋಡುನೋಡುತ್ತ ಕಟ್ಟೆ ಮತ್ತೆ ಹಸಿರಾಯಿತು. ಆ ಕೆಂಡದಂಥ ಮನೆಯಲ್ಲಿ ಮತ್ತೆ ಒಂದಿಷ್ಟು ತಂಪು ಬಂತು.

ಓಣಿಯವರು ಏನಂದರು ಗೊತ್ತೇ? ಅತ್ತೆಯ ಕೈಗುಣ ಸೊಸೆಗೆ ಬಂತು ಅಂದರು! ಅದನ್ನು ಕೇಳಿ ಪೀರಮ್ಮನಿಗೆ ಎಂಥ ಸಂತೋಷ. "ನನ್ನ ಕೈ ಹೋದ್ರೇನು, ಮನಿಯಾಗೇ ಉಳೀತಲ್ಲ" ಎಂದು ಬಂದವರ ಮುಂದೆ ಹೇಳಿಕೊಳ್ಳುವಳು. ತುಳಜಾ ಒಳಗೆ ಹೋಗಿ ಒಲೆಯ ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಳ್ಳುವಳು. ಮತ್ತೂ ಎಷ್ಟೋ ಸಲ ನಿಜ ಹೇಳಿದಳು. ಭೀಮಶ್ಯಾನ ಬಾಯಿಂದಲೂ ಹೇಳಿಸಿದಳು, ಹೆಂಡತಿ ಕಲಿಸಿಕೊಟ್ಟ ಮಾತೆಂದು ಪೀರಮ್ಮ ಅದನ್ನೂ ನಂಬಲಿಲ್ಲ. ಹೇಳಿದಷ್ಟೂ ಅತ್ತೆ ಅವಳನ್ನು ಹೆಚ್ಚು ಹೆಚ್ಚು ಹೊಗಳಿದಳು. ಹೇಳಬೇಕಾದ ಹೊತ್ತಿನಲ್ಲಿ ಹೇಳದ ನಿಜ ಈಗ ಯಾರಿಗೂ ಬೇಡವಾಗಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಶೇವಂತಾ ಎಂದು ಹೆಸರಿಟ್ಟ ಹೆಣ್ಣುಮಗುವನ್ನು ಕರೆದುಕೊಂಡು ವಾಡಿಗೆ ಬಂದ ದಿನ, ಪೀರಮ್ಮ ಬಾಗಿಲಲ್ಲೇ ನಿಂತಿದ್ದಳು. ಮಗುವಿನ ಮುಖದ ಸಮೀಪಕ್ಕೆ ತನ್ನ ಮುಖ ತಂದು ಮೂಸಿದಳು. ಕೈ ಮಾತ್ರ ಸೆರಗಿನೊಳಗೇ ಇದ್ದವು.

"ಎತ್ಕೊಳ್ರಿ ಅತ್ತೀ."

"ಬ್ಯಾಡವ್ವ. ಗಟ್ಟಿ ಆಗಲಿ. ಮುಂದ ಎತ್ಕೊಂಡ್ರಾತು."

ಊರ ಮಕ್ಕಳನ್ನೆಲ್ಲ ಕಾಲಮೇಲೆ ಹಾಕಿಕೊಂಡು ನೀರೆರೆದ ಸೂಲಗಿತ್ತಿ ತನ್ನ ಸ್ವಂತ ಮೊಮ್ಮಗಳಿಗೆ ಎರೆಯಲಿಲ್ಲ. ಎರೆಯಲು ಓಣಿಯ ಇನ್ನೊಬ್ಬ ಮುದುಕಿ ಬರುತ್ತಿದ್ದಳು. ಪೀರಮ್ಮ ದೂರ ಕೂತು ಸೂಚನೆ ಕೊಡುವಳು: ಕುತ್ತಿಗೆ ಹಿಡಿ, ಕಿವಿಯೊಳಗೆ ನೀರು ಹೋಗದಂತೆ ನೋಡು. ಹೇಳುವಾಗ ಸೆರಗಿನೊಳಗೆ ಅವಳ ಕೈಗಳು ತಾವೇ ಅಲುಗಾಡುತ್ತಿದ್ದವು. ತುಳಜಾ ಅದನ್ನು ನೋಡಿದಳು, ದಿನಾ ನೋಡಿದಳು. ಮಗು ಅತ್ತಾಗ ಪೀರಮ್ಮ ಹಾಡು ಹೇಳುವಳು, ಎತ್ತುತ್ತಿರಲಿಲ್ಲ. ಶೇವಂತಾ ನಡೆಯಲು ಕಲಿತು ತಾನೇ ಬಂದು ಅಜ್ಜಿಯ ಸೀರೆ ಹಿಡಿದರೆ ಮುದುಕಿ ಮೆಲ್ಲಗೆ ಬಿಡಿಸಿಕೊಂಡು ಸರಿಯುವಳು. ಅಜ್ಜಿಗೆ ತಾನು ಬೇಡವೆಂದೇ ಆ ಮಗು ತಿಳಿದುಕೊಂಡಿತು. ಸಾಲಿಗೆ ಹೋಗುವಷ್ಟು ದೊಡ್ಡದಾದಾಗ ಅಜ್ಜಿಯ ಕಡೆ ಸುಳಿಯುವುದನ್ನೇ ಬಿಟ್ಟಿತು.

ತುಳಜಾ ಎರಡನೆಯ ಸಲ ಬಸುರಿಯಾದಳು. ದಿನ ತುಂಬುತ್ತ ಬಂದಂತೆ ಅವಳಿಗೆ ಊಟ ಸೇರಲಿಲ್ಲ. ಇದೂ ಒಂದು ಕೂಸು ಅಜ್ಜಿಯ ಕೈ ಕಾಣದೆ ಬೆಳೆಯಬೇಕೇ? ತನ್ನ ಒಂದು ತಂಬಿಗೆ ನೀರು ಇನ್ನೂ ಎಷ್ಟು ಸುಡಬೇಕು? ಒಂದು ಮುಂಜಾನೆ ಅವಳು ಗಂಡನಿಗೆ ಭಟ್ಟಿಯಿಂದ ಒಂದು ಬುಟ್ಟಿ ಸುಟ್ಟ ಕಲ್ಲು ತರಲು ಹೇಳಿದಳು. ಹಬ್ಬ ಯಾವುದೂ ಇರಲಿಲ್ಲ.

"ಈಗ್ಯಾಕ?" ಅಂದ ಭೀಮಶ್ಯಾ.

"ತರ್ತೀಯೋ ಇಲ್ಲೋ?" ಅಂದಳು. ಅವಳು ಗಂಡನಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಅವನು ತಂದುಕೊಟ್ಟ.

ಅತ್ತೆಯ ಕಣ್ಣೆದುರೇ ಹಳೆಯ ಹರವಿಯಲ್ಲಿ ಸುಣ್ಣ ಕುದಿಸಿದಳು. ಸುಣ್ಣ ತಳಕ್ಕೆ ಕೂತು ನೀರು ತಿಳಿಯಾದ ಮೇಲೆ, ಕಟ್ಟೆಯ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಬೆಳೆದಿದ್ದ ಮರುಗದ ಡಬ್ಬಿಯನ್ನು ತಂದು ಪೀರಮ್ಮನ ಮುಂದಿಟ್ಟಳು. ಮೊದಲು ಅದರಿಂದ ಒಂದು ಕುಡಿ ಚಿವುಟಿ ತನ್ನ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಹರವಿಯ ಪೊರೆ ಸರಿಸಿ ತಂಬಿಗೆ ತುಂಬಿಕೊಂಡಳು.

"ಏ ಹುಡುಗಿ, ಏನ್ ಮಾಡಾಕತ್ತೀ?"

"ಆವತ್ತು ಏನ್ ಮಾಡಿದ್ನೋ ಅದೇ ಮಾಡಾಕತ್ತೀನ್ರಿ. ನೀವು ಮುಟ್ಟಬ್ಯಾಡ್ರಿ. ಕುಂತು ನೋಡ್ರಿ ಸಾಕು."

"ಜೀವ ಇರೋ ಗಿಡ ಅದು. ಬ್ಯಾಡ!"

ತುಳಜಾ ಅಳುತ್ತಲೇ ನೀರು ಹಾಕಿದಳು. ಮಾರನೆಯ ದಿನವೂ ಹಾಕಿದಳು, ಅದರ ಮಾರನೆಯ ದಿನವೂ. ಎಷ್ಟೋ ಮನೆಗಳಿಗೆ ಕಡ್ಡಿ ಕೊಟ್ಟ ತಾಯಿಗಿಡ ಅದು. ಆದರೂ ಹಾಕಿದಳು. ಪೀರಮ್ಮ ಮೊದಲೆರಡು ದಿನ ಬೈದಳು, ಆಮೇಲೆ ಡಬ್ಬಿಯನ್ನೇ ನೋಡುತ್ತ ಕೂತಳು. ಎಲೆಯ ಅಂಚು ಕಂದಾಯಿತು. ಕುಡಿಗಳು ಬಗ್ಗಿದವು. ಮಣ್ಣು ಆರಿದಾಗ ಅದರ ಮೇಲೆ ತೆಳ್ಳಗೆ ಬಿಳಿ ಪದರ ಕಟ್ಟಿತು.

ಪೀರಮ್ಮ ಡಬ್ಬಿಯ ಮೇಲೆ ಬಗ್ಗಿ ಆ ಬಿಳುಪನ್ನು ಬಹಳ ಹೊತ್ತು ನೋಡಿದಳು. "ಇದನ್ನ ನೋಡಿದ್ದೆ" ಅಂದಳು ನಿಧಾನವಾಗಿ. "ಆವತ್ತೂ ಹಿಂಗೇ ಬೆಳ್ಳಗಿತ್ತು. ಭಟ್ಟಿ ಧೂಳ ಬಿದ್ದಾದ ಅಂದ್ಕೊಂಡಿದ್ದೆ."

ತುಳಜಾ ಕಾಯುತ್ತ ನಿಂತಳು. ಇಷ್ಟು ವರ್ಷ ಬರಬೇಕಾಗಿದ್ದ ಬೈಗುಳ ಈಗಲಾದರೂ ಬರಲಿ, ಕೂದಲು ಹಿಡಿದು ಎಳೆಯಲಿ, ತವರಿಗೆ ಅಟ್ಟಲಿ ಎಂದು ಬೇಡಿಕೊಳ್ಳುತ್ತ ನಿಂತಳು. ಪೀರಮ್ಮ ಸೆರಗಿನೊಳಗಿಂದ ಕೈಗಳನ್ನು ಹೊರಗೆ ತೆಗೆದಳು. ಬೇರೆ ಯಾರದೋ ಕೈ ಎಂಬಂತೆ ಅವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹಂಗಾದ್ರ ನಾ ಶೇವಂತಾನ್ನ ಎತ್ಕೋಬಹುದಿತ್ತಲ್ಲವ್ವ" ಅಂದಳು.

ಅಷ್ಟೇ ಅಂದದ್ದು. ಆಮೇಲೆ ಆ ವಿಷಯ ಎತ್ತಲೂ ಇಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. ತುಳಜಾಬಾಯಿಯ ಕಿವಿಯಲ್ಲಿ ಆ ಮಾತು ಇವತ್ತಿಗೂ ಇದೆ.

ಬ್ಯಾನಿ ಶುರುವಾದ ಬೆಳಿಗ್ಗೆ ತುಳಜಾ ಸೆರಗಿನ ಗಂಟು ಬಿಚ್ಚಿ, ಒಣಗಿದ ಮರುಗದ ಕುಡಿಯನ್ನು ಶೇವಂತಾಳ ಕೈಗೆ ಕೊಟ್ಟು "ಅಜ್ಜಿಗಿ ತೋರಿಸು ಹೋಗು" ಅಂದಳು. ಪೀರಮ್ಮ ಕುಡಿಯನ್ನು ಇಸಿದುಕೊಂಡು, ಮೂಸಿ, ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಅವಳ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಗಂಡುಮಗು ಹುಟ್ಟಿತು. ಅಳು ಕೇಳಿ ಎದುರು ಮನೆಯ ಮಾಸುಮಬಿ ಹೊಸ್ತಿಲ ತನಕ ಬಂದಳು. ತುಳಜಾ ಮಲಗಿದಲ್ಲಿಂದಲೇ ಅವಳಿಗೆ ಎಲ್ಲವನ್ನೂ ಹೇಳಿದಳು. ಮಾಸುಮಬಿ ಎಲ್ಲ ಕೇಳಿ, ಒಳಗೆ ಹೋಗಿ ಪೀರಮ್ಮನ ಕೈ ಹಿಡಿದುಕೊಂಡು ಅತ್ತಳು. ತುಳಜಾಳ ಕಡೆ ತಿರುಗಿ ನೋಡಲಿಲ್ಲ. ನೋಡಬೇಕೆಂದು ತುಳಜಾ ಆಶಿಸಲೂ ಇಲ್ಲ.

ಮರುದಿನ ಪೀರಮ್ಮ ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿ ಕೂಸಿಗೆ ಎರೆದಳು. ಒರೆಸಿ, ಸುತ್ತಿ, ತಾಯಿಯ ಮಗ್ಗುಲಲ್ಲಿ ಮಲಗಿಸಿದಳು. ಮತ್ತೆ ಹೋಗಿ ಅಲ್ಲೇ ಕಾಲು ಚಾಚಿ ಕೂತಳು. ಹಂಡೆಯಲ್ಲಿ ಬಿಸಿನೀರು ಇನ್ನೂ ಇತ್ತು.

"ಶೇವಂತಾ, ಬಾ ಇಲ್ಲಿ" ಅಂದಳು.

ಸಾಲಿಗೆ ಹೊರಟಿದ್ದ ಹುಡುಗಿ ಬಾಗಿಲಲ್ಲಿ ಅನುಮಾನಿಸುತ್ತ ನಿಂತಿತು. "ನಾ ಏನ್ ಕೂಸೇನು?"

"ಬಾರವ್ವ. ಒಂದು ಸಲ."

ಹುಡುಗಿ ಬಂದು ಅಜ್ಜಿಯ ಕಾಲುಗಳ ಮೇಲೆ ಬೋರಲು ಮಲಗಿತು. ಎಷ್ಟು ಮುದುಡಿದರೂ ಅವಳ ಪಾದಗಳು ಅಜ್ಜಿಯ ಪಾದಗಳನ್ನು ದಾಟಿ ಆಚೆಗೆ ಹೋಗಿ ಫರ್ಸಿಗೆ ತಾಗುತ್ತಿದ್ದವು. ಪೀರಮ್ಮ ಅವಳ ಬೆನ್ನಿಗೆ ಎಣ್ಣೆ ಸವರಿ, ಕುತ್ತಿಗೆಗೆ ಅಂಗೈ ಆನಿಸಿ, ಎಳೆಗೂಸಿಗೆ ಎರೆಯುವಂತೆಯೇ ಬೊಗಸೆ ಬೊಗಸೆಯಾಗಿ ನೀರು ಹಾಕಿದಳು. ಶೇವಂತಾ ಕಚಗುಳಿಯಾಗಿ ನಗತೊಡಗಿದಳು. ಬಾಣಂತಿ ತುಳಜಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿದಳು.